ಅಜ್ಜಿಯ ಕೊನೆಯ ಸ್ನಾನದ ನೀರು

ನದಿ ನೀರು ಹಂಚಿಕೆ ಕಚೇರಿಯ ಹಿರಿಯ ಅಧಿಕಾರಿಗಳಿಗೆ,

ಮಾನ್ಯರೇ, ಹೋದ ತಿಂಗಳು ನಮ್ಮ ಮನೆಯಲ್ಲಿ ಕೂತು ತಾವು ಕುಡಿದು ಮೆಚ್ಚಿದ ಚಹಾ, ನನ್ನ ಅಜ್ಜಿಯ ಹೆಣ ತೊಳೆಯಲೆಂದು ಇಟ್ಟಿದ್ದ ನೀರಿನಲ್ಲಿ ಮಾಡಿದ್ದು. ಗಾಬರಿಯಾಗಬೇಡಿ, ನೀರು ಶುದ್ಧವಾಗಿತ್ತು. ಅಜ್ಜಿ ಇನ್ನೂ ಸತ್ತಿಲ್ಲ. ಸಾಯುವ ಮೊದಲು ಅದನ್ನು ವಾಪಸ್ ಕೊಡಿ ಎಂದು ಕೇಳಲು ಈ ಪತ್ರ.

ನಾನು ನಾಲ್ಕನೇ ತರಗತಿಯವರೆಗೆ ಓದಿದವಳು. ನಮ್ಮ ಪಾಠದ ಪುಸ್ತಕದಲ್ಲಿ ಸಿರ್ ದರಿಯಾ ನದಿ ಕಿರ್ಗಿಜರ ಹಿಮದ ಬೆಟ್ಟಗಳಿಂದ ಇಳಿದು, ಉಜ್ಬೆಕರ, ತಾಜಿಕರ ಹೊಲಗಳನ್ನು ದಾಟಿ, ನಮ್ಮ ಕಜಾಕ್ ಬಯಲಿನಲ್ಲಿ ಹರಿದು ಅರಾಲ್ ಸಮುದ್ರ ಸೇರುತ್ತಿತ್ತು. ನಕ್ಷೆಯ ನೀಲಿ ಗೆರೆ ಎಲ್ಲಿಯೂ ತುಂಡಾಗಿರಲಿಲ್ಲ. ಅದನ್ನು ಎಳೆದವರು ಬೇಸಿಗೆಯಲ್ಲಿ ನಮ್ಮೂರಿಗೆ ಬಂದಿರಲಿಕ್ಕಿಲ್ಲ. ಬೇಸಿಗೆಯಲ್ಲಿ ಮೇಲಿನವರು ನೀರನ್ನು ಅಣೆಕಟ್ಟಿನಲ್ಲಿ ಹಿಡಿದಿಡುತ್ತಾರೆ, ನಡುವಿನವರು ಹತ್ತಿಗೆ ತಿರುಗಿಸಿಕೊಳ್ಳುತ್ತಾರೆ, ನಮ್ಮವರೆಗೆ ಬರುವುದು ನದಿಯ ಹೆಸರು ಮಾತ್ರ. ಚಳಿಗಾಲ ಬಂದರೆ ಮೇಲಿನವರಿಗೆ ವಿದ್ಯುತ್ ಬೇಕು. ಆಗ ಯಾರಿಗೂ ಬೇಡದ ನೀರೆಲ್ಲ ಒಟ್ಟಿಗೆ ಇಳಿದು, ಹೆಪ್ಪುಗಟ್ಟಿದ ನದಿಯ ಮೇಲೇರಿ ನಮ್ಮ ಅಂಗಳಕ್ಕೆ ನುಗ್ಗುತ್ತದೆ. ಇದನ್ನು ತಮ್ಮ ಕಚೇರಿಯಲ್ಲಿ ಹಂಚಿಕೆ ಎನ್ನುತ್ತಾರಂತೆ.

ಎರಡು ವರ್ಷದ ಹಿಂದೆ ನಡುಬೇಸಿಗೆಯಲ್ಲಿ ತಾತ ತೀರಿಕೊಂಡರು. ತೊಳೆಯದ ಹೆಣವನ್ನು ನಾವು ಮಣ್ಣಿಗೆ ಕೊಡುವುದಿಲ್ಲ. ನದಿ ಒಣಗಿತ್ತು, ಕೈಪಂಪಿನಲ್ಲಿ ಗಾಳಿ ಬರುತ್ತಿತ್ತು, ಟ್ಯಾಂಕರ್‌ನವನು ಮನೆಗೊಂದು ಕ್ಯಾನ್ ಕೊಟ್ಟು ಹೋಗಿದ್ದ.

ಮುಲ್ಲಾ ಕ್ಯಾನನ್ನು ಮುಟ್ಟಲಿಲ್ಲ. “ಇದು ಬದುಕಿರೋರ ಪಾಲು. ನೀರಿಲ್ಲದಾಗ ಮಣ್ಣಾದ್ರೂ ಆಗುತ್ತೆ, ಧರ್ಮ ಒಪ್ಪುತ್ತೆ,” ಎಂದರು. ಒಣ ಮಣ್ಣಿಗೆ ಅಂಗೈ ತಟ್ಟಿ ತಾತನ ಮುಖ ಸವರಿದರು, ಕೈ ಸವರಿದರು. ಜೀವಮಾನವೆಲ್ಲ ಆ ನದಿಯಲ್ಲಿ ಬಲೆ ಬೀಸಿದವರು ಧೂಳಿನಲ್ಲಿ ಮಿಂದು ಹೋದರು.

ಆ ಚಳಿಗಾಲದಲ್ಲಿ ತಮ್ಮ ಹಂಚಿಕೆಯ ನೀರು ಸ್ಮಶಾನದಲ್ಲಿ ಮೊಣಕಾಲುದ್ದ ನಿಂತಿತು. ಅಜ್ಜಿ ಉಲ್ಬೊಸಿನ್ ಬಾಗಿಲಲ್ಲಿ ನಿಂತು ನೋಡಿದಳು.

“ನಿಮ್ಮ ತಾತ ಸ್ನಾನಕ್ಕೆ ಯಾವತ್ತೂ ತಡಾನೇ. ಹೋಗಿ ಸೋಪು ಕೊಟ್ಟು ಬಾ,” ಎಂದಳು.

ಆಮೇಲೆ ಅಂಗಳದ ಮಂಜುಗಡ್ಡೆ ಒಡೆದು, ಕರಗಿಸಿ, ಸೋಸಿ, ಒಂದು ಗುಡಾಣ ತುಂಬಿಸಿದಳು. ಬಾಯಿಗೆ ಬಿಳಿ ಬಟ್ಟೆ ಕಟ್ಟಿದಳು. “ನನ್ನನ್ನ ಮಾತ್ರ ಧೂಳಲ್ಲಿ ಉಜ್ಜಬೇಡ್ರಮ್ಮ.” ಮರುವರ್ಷದ ಚಳಿಗಾಲದಲ್ಲಿ ನೀರು ಬದಲಿಸಿದಳು. ನಾವು ಎಷ್ಟೇ ಬಾಯಾರಿದರೂ ಅದನ್ನು ಮುಟ್ಟಿದವರಿಲ್ಲ.

ತಾವು ಬಂದದ್ದು ಚಳಿಗಾಲದ ಪ್ರವಾಹವನ್ನು ಪರಿಶೀಲಿಸಲು, ಸುಡುಬಿಸಿಲಿನಲ್ಲಿ. ತಮ್ಮ ಕಚೇರಿ ಇಷ್ಟು ಬೇಗ ಬಂದದ್ದಕ್ಕೆ ಊರಿಗೆಲ್ಲ ಆಶ್ಚರ್ಯ. ಆ ವಾರ ಟ್ಯಾಂಕರ್ ಬಂದಿರಲಿಲ್ಲ. ನಾನು ಅಜ್ಜಿಯ ಕಿವಿಯಲ್ಲಿ ಹೇಳಿದೆ, “ಅಜ್ಜೀ, ನೀರಿಲ್ಲ.”

“ಗುಡಾಣದಲ್ಲಿದೆಯಲ್ಲ.”

“ಅದು ನಿಂದು.”

“ಮನೆಗೆ ಬಂದೋನ್ನ ಬಾಯಾರಿಸಿ ಕಳಿಸಿದ್ರೆ, ಸತ್ತ ಮೇಲೆ ಎಷ್ಟು ತೊಳೆದ್ರೂ ಆ ಹೊಲಸು ಹೋಗಲ್ಲ ಕಣೇ. ಬಿಚ್ಚು ಬಟ್ಟೆ.”

ಬಟ್ಟಲಿಗೆ ಸ್ವಲ್ಪವೇ ಬಗ್ಗಿಸಿ ಮತ್ತೆ ಮತ್ತೆ ಕೊಡುವುದು ನಮ್ಮಲ್ಲಿ ಅತಿಥಿಗೆ ತೋರುವ ಮರ್ಯಾದೆ. ಅಂಚಿನವರೆಗೆ ತುಂಬಿಸಿ ಕೊಟ್ಟರೆ ಇನ್ನು ಏಳಿ ಎಂದರ್ಥ. ನಾನು ಪ್ರತಿ ಸಲ ಮುಂಚಿನದಕ್ಕಿಂತ ಕಡಿಮೆ ಬಗ್ಗಿಸಿದೆ. ಅಜ್ಜಿ ಹಾಗೆಂದು ಕಣ್ಸನ್ನೆ ಮಾಡಿದ್ದಳು. ತಾವು ಮರ್ಯಾದೆಯನ್ನು ಪೂರ್ತಿ ಸ್ವೀಕರಿಸಿದಿರಿ.

“ನೀರಿಲ್ಲ ನೀರಿಲ್ಲ ಅಂತ ಅರ್ಜಿ ಬರೀತೀರಿ, ಎಷ್ಟು ಸಿಹಿ ಇದೆ ಅಜ್ಜೀ ನಿಮ್ಮ ನೀರು,” ಎಂದು ನಕ್ಕಿರಿ. “ನದಿ ನಾಲ್ಕು ದೇಶದ್ದು, ನಾನೊಬ್ಬ ಏನು ಮಾಡ್ಲಿ ಹೇಳಿ?”

“ನಿಜ ಬಿಡಪ್ಪ,” ಎಂದಳು ಅಜ್ಜಿ. “ಮೂರು ಮನೆ ಚಾಕರಿ ಮುಗಿಸಿ ಬರೋಳು, ಪಾಪ, ನಮ್ಮ ಬಾಗಿಲಿಗೆ ಬರೋ ಹೊತ್ತಿಗೆ ಒಣಗಿರ್ತಾಳೆ. ಇನ್ನೊಂದು ಬಟ್ಟಲು ಕುಡಿ.”

ತಾವು ಕುಡಿದಿರಿ. ಮುಖ ತೊಳೆದಿರಿ. ಉಳಿದದ್ದನ್ನು ತಮ್ಮ ಚಾಲಕ ಜೀಪಿನ ರೇಡಿಯೇಟರ್‌ಗೆ ಸುರಿದ. ಅಜ್ಜಿಗೆ ಸಲ್ಲಬೇಕಾದ ಸ್ನಾನ ಜೀಪಿಗೆ ಸಂದಿತು. ಆಮೇಲೆ ಜಿಲ್ಲೆಯ ಸಭೆಯಲ್ಲಿ “ಆ ಊರಲ್ಲಿ ನೀರಿದೆ, ನಾನೇ ಕುಡಿದು ನೋಡಿದ್ದೇನೆ” ಎಂದಿರಂತೆ. ಅಲ್ಲಿಂದ ಟ್ಯಾಂಕರ್ ಬರುವುದೇ ನಿಂತಿತು. ಉಂಡ ಮನೆಯ ಉಪಕಾರ ತೀರಿಸಲು ತಮಗೆ ಒಂದು ವಾರವೂ ಬೇಕಾಗಲಿಲ್ಲ.

ಈಗ ಅಜ್ಜಿ ಹಾಸಿಗೆ ಹಿಡಿದಿದ್ದಾಳೆ. ಪಕ್ಕದೂರಿನಿಂದ ಕತ್ತೆಗಾಡಿಯಲ್ಲಿ ತರುವ ನೀರು ಅವಳ ಬಾಯಿಗೇ ಸಾಲದು. “ಈಗ ಸಾಯೋ ಹಾಗಿಲ್ಲ ಮಗಳೇ, ಮೇಲಿನೋರು ನೀರು ಬಿಡೋವರೆಗೂ ಉಸಿರು ಹಿಡ್ಕೋಬೇಕು,” ಎನ್ನುತ್ತಾಳೆ. ಚಳಿಗಾಲದವರೆಗೆ ಹಿಡಿದರೂ ಏನಾಯಿತು? ಆಗ ತೊಳೆಯಲು ನೀರಿರುತ್ತದೆ, ಹೂಳಲು ಒಣ ನೆಲವಿರುವುದಿಲ್ಲ. ತಾವು ತಿಳಿದವರು. ತಮ್ಮ ಹಂಚಿಕೆಯ ಪ್ರಕಾರ ನಮ್ಮೂರಿನವರು ಸಾಯಲು ಯೋಗ್ಯವಾದ ತಿಂಗಳು ಯಾವುದು? ತಿಳಿಸಿದರೆ ಅಜ್ಜಿಗೆ ಹೇಳುತ್ತೇನೆ. ಅವಳು ಹೇಳಿದ ಮಾತು ಕೇಳುವವಳು.

ನಾನು ನದಿಯನ್ನು ಕೇಳುತ್ತಿಲ್ಲ. ಅದು ನಾಲ್ಕು ದೇಶದ್ದು. ಒಂದು ಗುಡಾಣ ನೀರು ಕೇಳುತ್ತಿದ್ದೇನೆ, ಅದು ನನ್ನ ಅಜ್ಜಿಯದು. ಜೀಪು ಕುಡಿದದ್ದನ್ನೂ ಸೇರಿಸಿ, ತಾವೇ ಹೊತ್ತು ತನ್ನಿ. ಅಜ್ಜಿ ಬದುಕಿರುವಾಗ ಬಂದರೆ ಅವಳು ಚಹಾ ಕೊಡು ಎಂದೇ ಹೇಳುತ್ತಾಳೆ. ಕೊಡುತ್ತೇನೆ. ಬಗ್ಗಿಸುವವಳು ನಾನು; ಈ ಸಲ ಬಟ್ಟಲನ್ನು ಅಂಚಿನವರೆಗೆ ತುಂಬಿಸುತ್ತೇನೆ.

ಇಂತಿ,
ಅಂದು ತಲೆಯೆತ್ತದೆ ತಮಗೆ ಚಹಾ ಬಗ್ಗಿಸಿದವಳು,
ಅಕ್‌ಮರಾಲ್