ಬೇಳೆಯಷ್ಟು ಮುಖ

ಹುನಗುಂದ
30 ಫೆಬ್ರವರಿ 2131

ಈ ಹಾಳೆ ತಲುಪಿದವರಿಗೆ,

ಮೇಲಿನ ತಾರೀಖು ತಪ್ಪಲ್ಲ. ಕ್ಯಾಲೆಂಡರ್ ತಿದ್ದುಪಡಿಯಾದ ಮೇಲೆ ನಮ್ಮ ಫೆಬ್ರವರಿಗೆ ಮೂವತ್ತು ದಿನ. ನೂರು ವರ್ಷ ಹಿಂದಿರುವ ನಿಮಗೆ ಪರಿಚಯವಿಲ್ಲದ ಕೆಲವು ಪದಗಳೂ ಬರುತ್ತವೆ. ಕ್ಷಮಿಸಿ, ಬಂದಲ್ಲೇ ವಿವರಿಸುತ್ತೇನೆ.

ನಾನು 2041ರ ಗಡಿಯುದ್ಧದ ಇತಿಹಾಸ ಬರೆದಿದ್ದೇನೆ. ಆ ಯುದ್ಧದಲ್ಲಿ ನಮ್ಮ ಸೀಮೆಯ ನಲವತ್ತೊಂದು ಮಂದಿ ಒಂದೇ ದಿನ ಸತ್ತರು. ಒಬ್ಬೊಬ್ಬರಿಗೆ ಒಂದು ಪುಟ, ಪುಟಕ್ಕೊಂದು ಭಾವಚಿತ್ರ ಎಂದು ಯೋಜಿಸಿದ್ದೆ. ಇಲ್ಲಿ ಇತಿಹಾಸದ ಪುಸ್ತಕಕ್ಕೆ ಸಾಕ್ಷಿಮುಖ ಮಾತ್ರ ಸಲ್ಲುತ್ತದೆ. ಅಂದರೆ ಕ್ಯಾಮೆರಾ ಕಂಡದ್ದಕ್ಕೆ ಯಂತ್ರ ಏನನ್ನೂ ಸೇರಿಸದ, ಏನನ್ನೂ ಅಳಿಸದ ಮುಖ. ಹಾಗೆ ತಿದ್ದಿದ್ದರೆ ಅದು ತುಂಬುಮುಖ. ಅಂಥದ್ದು ಒಂದು ಸಿಕ್ಕರೂ ಎಲ್ಲ ಪ್ರತಿಗಳನ್ನೂ ಅರೆದುಹಾಕುತ್ತಾರೆ.

ಎರಡು ವರ್ಷ ನೆರಳುದಾರಿಗಳಲ್ಲಿ ಊರೂರು ಅಲೆದೆ. ಬೆಳಿಗ್ಗೆ ಹತ್ತರ ಮೇಲೆ ಬಯಲಲ್ಲಿ ನಡೆಯುವಂತಿಲ್ಲವಾದ್ದರಿಂದ ನಮ್ಮ ದಾರಿಗಳಿಗೆ ಚಾವಣಿ ಇದೆ. ಮೂವತ್ತೆಂಟು ಭಾವಚಿತ್ರ ಸಿಕ್ಕವು. ಎಲ್ಲವೂ ಸ್ಪಷ್ಟ, ಪುಟ ತುಂಬುವಷ್ಟು ದೊಡ್ಡವು. ಮೇಜಿನ ಮೇಲೆ ಹರಡಿದಾಗ, ಹತ್ತೊಂಬತ್ತು ಎದೆಗಳ ಮೇಲೆ ಎಡ ಜೇಬಿನ ಗುಂಡಿ ಒಂದೇ ರೀತಿ ವಾಲಿರುವುದು ಕಂಡಿತು. ಶವ ಬರುವ ಮೊದಲೇ ಮಾಲೆ ಹಾಕಲು ಫೋಟೊ ಬೇಕಾಗಿತ್ತು. ಮನೆಯವರು ಫೋನಿನಲ್ಲಿದ್ದದ್ದನ್ನು ಸ್ಟುಡಿಯೋಗೆ ಕಳಿಸಿದರು. ಸ್ಟುಡಿಯೋದವನು ಒಂದೇ ಸಮವಸ್ತ್ರಕ್ಕೆ ಎಲ್ಲ ತಲೆಗಳನ್ನೂ ಕೂಡಿಸಿದ. ಮಸುಕಾದ ಮುಖಗಳನ್ನು ಯಂತ್ರ ತುಂಬಿತು. ಉಳಿದ ಹತ್ತೊಂಬತ್ತರಲ್ಲಿ, ತೆಗೆಯುವಾಗಲೇ ಫೋನು ಕಲೆ, ಮಚ್ಚೆಗಳನ್ನು ಅಳಿಸಿತ್ತು. ಮೂವತ್ತೆಂಟೂ ತುಂಬುಮುಖಗಳೇ; ಇನ್ನುಳಿದ ಮೂವರ ಚಿತ್ರವೇ ಸಿಗಲಿಲ್ಲ.

ಆ ನಲವತ್ತೊಂದು ಮಂದಿಯಲ್ಲಿ ಒಬ್ಬನಾದ ಲ್ಯಾನ್ಸ್ ನಾಯಕ್ ಯಮನಪ್ಪ ಬೇವೂರ ಸತ್ತಾಗ ಮಗಳು ನೀಲವ್ವನಿಗೆ ನಾಲ್ಕು ವರ್ಷ. ಈಗ ತೊಂಬತ್ನಾಲ್ಕು. ಕಣ್ಣು ಪೂರ್ತಿ ಹೋಗುವ ಮೊದಲು ಅಪ್ಪನ ಮುಖ ನೋಡಬೇಕು ಎಂಬುದೊಂದೇ ಆಕೆಯ ಆಸೆ. ಗೋಡೆಯ ಮೇಲೆ ಫೋಟೊ ಇದೆಯಲ್ಲ ಎಂದೆ.

“ತೊಂಬತ್ತು ವರ್ಷ ಇವಗ ಮಾಲಿ ಹಾಕೇನಿ. ಚಲೋ ಅದಾನ, ಆದರ ನಮ್ಮಪ್ಪ ಅಲ್ಲ. ಎತ್ತಿನ ಕೋಡು ತಾಗಿ ನಮ್ಮಪ್ಪನ ಬಲಗಡೆ ಹುಬ್ಬು ಕಡದಿತ್ತಂತ, ಅವ್ವ ಸಾಯೂತನಕ ಹೇಳಿದ್ಲು. ಇವನ ಹುಬ್ಬು ನೋಡು, ಗೆರಿ ಹೊಡದಂಗ ಐತಿ. ಯಾರ ಮಗನೋ ಏನೋ.”

ಕೊನೆಗೆ ಯಮನಪ್ಪನ ಸಹಪಾಠಿಯ ಮೊಮ್ಮಗನ ಪೆಟ್ಟಿಗೆಯಲ್ಲಿ, 2027ರ ಹತ್ತನೇ ತರಗತಿಯ ಗುಂಪು ಫೋಟೊ ಸಿಕ್ಕಿತು. ಕಾಗದದ್ದು, ಹಿಂದೆ ಪೆನ್ಸಿಲಿನಲ್ಲಿ ಹೆಸರುಗಳು. ಮೂರನೇ ಸಾಲು, ಎಡದಿಂದ ಐದನೆಯವನು ಯಮನಪ್ಪ. ಮುಖ ತೊಗರಿಬೇಳೆಯಷ್ಟು. ಭೂತಗನ್ನಡಿ ಹಿಡಿದರೆ ಹುಬ್ಬಿನ ನಡುವೆ ಬಿಳಿ ಗೆರೆ. ದೊಡ್ಡದು ಮಾಡಿದರೆ ಬರೀ ಚುಕ್ಕಿಗಳು. “ಸರ, ಇದನ್ನ ಅಚ್ಚು ಹಾಕಾಕ ಬರೂದಿಲ್ಲ,” ಎಂದರು ಪ್ರೆಸ್ಸಿನವರು.

ಫೋಟೊವನ್ನು ನೀಲವ್ವನಿಗೆ ಒಯ್ದು ಕೊಟ್ಟು, ಪ್ರೆಸ್ಸಿನವರ ಮಾತನ್ನೂ ಹೇಳಿದೆ. ಆಕೆ ಗಾಜನ್ನು ಕಣ್ಣಿಗೆ ಹಿಡಿದು ಬಹಳ ಹೊತ್ತು ಕೂತಳು.

“ಹುಬ್ಬು ಕಡದೈತೇನು, ತಮ್ಮಾ?” ಎಂದು ಕೇಳಿದಳು.

“ಕಡದೈತಿ, ಅಮ್ಮಾ.”

“ಹಂಗಾದರ ಅವನ. ದೊಡ್ಡದು ಮಾಡಬ್ಯಾಡ, ಇದ್ದಷ್ಟ ಹಾಕು.”

ನಾನು ತಡವಾಗಿ ಹೋಗಿದ್ದೆ. ಆಕೆಗೆ ಏನೂ ಕಂಡಿರಲಿಲ್ಲ.

ಪುಸ್ತಕ ಮುಂದಿನ ತಿಂಗಳು ಬರುತ್ತದೆ: ನಲವತ್ತು ಖಾಲಿ ಚೌಕಟ್ಟು, ಒಂದು ಪುಟದ ನಡುವೆ ಬೇಳೆಯಷ್ಟು ಮುಖ.

ಆ ಯುದ್ಧವನ್ನು ತಡೆಯಿರಿ ಎಂದು ನಾನು ಕೇಳುತ್ತಿಲ್ಲ; ನಿಮ್ಮಿಂದ ಆಗಲಿಲ್ಲ ಎಂಬುದು ನನಗೆ ಗೊತ್ತು. ಆದರೆ ಈ ಹಾಳೆ 2027ಕ್ಕಿಂತ ಮೊದಲು ತಲುಪಿದ್ದರೆ ಯಮನಪ್ಪ ಇನ್ನೂ ಶಾಲೆಯಲ್ಲಿದ್ದಾನೆ. ಗುಂಪು ಫೋಟೊ ತೆಗೆಯುವ ದಿನ ಫೋಟೊಗ್ರಾಫರ್ ಹತ್ತಿರ ಬರಲಿ, ಮಕ್ಕಳನ್ನು ಒಬ್ಬೊಬ್ಬರಾಗಿ ತೆಗೆಯಲಿ. ಕಾಗದದ ಮೇಲೆ ಹಾಕಿಸಿ, ಹಿಂದೆ ಹೆಸರು ಬರೆಯಿರಿ. ಹುಬ್ಬನ್ನು ಮಾತ್ರ ತಿದ್ದಬೇಡಿ.

ಇತಿ,
ಶಂಕ್ರಪ್ಪ ಗುಡೂರ