ಎದುರುಮಣೆಯಲ್ಲಿ ಕೂತ ದೇವೀರಿ

ಮಂಡ್ಯ, 2187ನೇ ಇಸವಿ, ಫೆಬ್ರವರಿ 30

ಕಾಲೇಜು ಬಾಸ್ಕೆಟ್‌ಬಾಲ್ ಆಡುತ್ತಿರುವ ಪೂರ್ವಿಕರೇ,

ತಾರೀಖು ನೋಡಿ ನಗಬೇಡಿ, ನಮ್ಮ ಫೆಬ್ರವರಿಗೆ ಮೂವತ್ತು ದಿನ. ಅಲ್ಲಲ್ಲಿ ನಿಮಗೆ ತಿಳಿಯದ ಮಾತು ಬಂದರೆ ಕ್ಷಮಿಸಿ, ಬಿಡಿಸಿ ಹೇಳುತ್ತೇನೆ. ಇವತ್ತು ಫೈನಲ್ ಮುಗಿಯಿತು. ನಾವು ಸೋತೆವು. ಆದರೂ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ, ಅಷ್ಟು ಖುಷಿಯಾಗಿದೆ!

ನಿಮ್ಮ ಪಂದ್ಯಗಳ ಚಿತ್ರಗಳನ್ನು ನೋಡಿದ್ದೇವೆ. ಬೇಕೆಂದೇ ಹೊಡೆದವಳನ್ನು ರೆಫರಿ ಹೊರಗೆ ಕಳಿಸುತ್ತಾರೆ, ಅವಳು ಟವೆಲ್‌ನಲ್ಲಿ ಮುಖ ಮುಚ್ಚಿಕೊಂಡು ಡ್ರೆಸ್ಸಿಂಗ್ ರೂಮಿಗೆ ನಡೆಯುತ್ತಾಳೆ, ಗ್ಯಾಲರಿ ಚಪ್ಪಾಳೆ ತಟ್ಟುತ್ತದೆ. ನಮ್ಮಲ್ಲಿ ಹಾಗಿಲ್ಲ. ನಮ್ಮ ಅಂಕಣ ಕಬ್ಬಿನ ಸಿಪ್ಪೆ ಒತ್ತಿ ಮಾಡಿದ್ದು, ತಪ್ಪನ್ನು ಅದೇ ಹೇಳುತ್ತದೆ. ಸಾಧಾರಣ ಫೌಲ್ ಆದರೆ ಕಾಲಡಿ ಹಳದಿ ಬೆಳಕು, ಕ್ರೂರವಾಗಿ ಹೊಡೆದರೆ ಕೆಂಪು. ಕೆಂಪು ಬಂದವಳು ಎದುರುಮಣೆಗೆ ಹೋಗಬೇಕು. ಎದುರಾಳಿಗಳ ಬೆಂಚಿನ ತುದಿಗೆ ಆ ಹೆಸರು. ಪಂದ್ಯ ಮುಗಿಯುವವರೆಗೂ ಅಲ್ಲೇ ಕೂತು, ತಾನು ಹೊಡೆದವಳಿಗೆ ಐಸ್ ಹಿಡಿಯಬೇಕು, ನೀರು ಕೊಡಬೇಕು. ಕೊನೆಗೆ ಪೆಟ್ಟು ತಿಂದವಳು ತುಟಿತೀರ್ಪು ಹೇಳುತ್ತಾಳೆ: ಇವಳು ಮುಂದೆ ಆಡಬಹುದೋ, ಬೇಡವೋ. ಅದಕ್ಕೆ ಮೇಲ್ಮನವಿ ಇಲ್ಲ.

ಇವತ್ತು ಕೆಂಪು ಬಂದದ್ದು ನನ್ನ ಗೆಳತಿ ದೇವೀರಿಗೆ. ಮೂಗಿನ ತುದಿಯಲ್ಲೇ ಕೋಪ ಅವಳಿಗೆ. ಬುಟ್ಟಿಗೆ ಹಾರಿದ್ದ ಎದುರಾಳಿ ಹಾಸನ ತಂಡದ ಸಬೀಹಾಳನ್ನು ಗಾಳಿಯಲ್ಲೇ ತಳ್ಳಿಬಿಟ್ಟಳು. ಸಬೀಹಾಳ ಹುಬ್ಬು ಒಡೆದು ರಕ್ತ ಬಂತು. ಸಬೀಹಾ ಬೇಡವೆಂದರೆ ದೇವೀರಿಯ ಆಟ ಅಲ್ಲಿಗೇ ಮುಗಿದಂತೆ. ಆಟ ಬಿಟ್ಟರೆ ಅವಳಿಗೆ ಬೇರೆ ಲೋಕವೇ ಇಲ್ಲ.

ಕೊನೆಯ ನಿಮಿಷ. ನಾವು ಒಂದೇ ಅಂಕ ಹಿಂದೆ. ಚೆಂಡು ನನ್ನ ಕೈಯಲ್ಲಿ, ಎಂದಿನಂತೆ ಬಲಕ್ಕೆ ನುಗ್ಗಿದೆ. ಅಷ್ಟರಲ್ಲಿ ಎದುರುಮಣೆಯಿಂದ ಕೂಗು ಬಂತು: "ಎಡಕ್ಕೆ ತಳ್ರಮ್ಮಿ ಅವಳ್ನ! ಎಡಗೈಲಿ ಬಾಲೇ ನಿಲ್ಲಕಿಲ್ಲ ಅವಳ್ಗೆ!"

ದೇವೀರಿ! ಅಷ್ಟು ಹೊತ್ತು ಹಾಸನದವರ ನಡುವೆ ಕೂತು, ಅವರ ತಪ್ಪುಗಳನ್ನು ನೋಡಿ ನೋಡಿ ತಡೆಯಲಾಗದೆ, ತಾನು ಯಾರ ಕಡೆಯವಳೆಂಬುದನ್ನೇ ಮರೆತಿದ್ದಳು. ಅವರು ಬಲಕ್ಕೆ ಅಡ್ಡಗಟ್ಟಿ ನನ್ನನ್ನು ಎಡಕ್ಕೆ ತಿರುಗಿಸಿದರು. ಚೆಂಡು ನನ್ನದೇ ಮೊಣಕಾಲಿಗೆ ಬಡಿದು ಹೊರಗೆ ಹೋಯಿತು. ದೇವೀರಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಸಬೀಹಾ ಬಿದ್ದು ಬಿದ್ದು ನಕ್ಕಳು.

ಪಂದ್ಯ ಮುಗಿದ ಮೇಲೆ ರೆಫರಿ ತುಟಿತೀರ್ಪು ಕೇಳಿದರು. ಹುಬ್ಬಿಗೆ ಪಟ್ಟಿ ಕಟ್ಟಿಕೊಂಡ ಸಬೀಹಾ ಎದ್ದು ನಿಂತು, "ಆಡ್ಲಿ ಬಿಡಿ ಸಾರ್, ನಮ್ಮನ್ನ ಗೆಲ್ಸಿದ್ದೇ ಅವಳು" ಎಂದಳು. ನಾನು ಓಡಿಹೋಗಿ ದೇವೀರಿಯನ್ನು ತಬ್ಬಿಕೊಂಡೆ. ಚೆನ್ನಾಗಿ ಚಿವುಟಿದೆ ಕೂಡ.

ಈಗ ನನ್ನ ಕೋರಿಕೆ. ಎದುರುಮಣೆ ಶುರುವಾದದ್ದು ನಿಮ್ಮ ಕಾಲದಲ್ಲಂತೆ. ಯಾವುದೋ ಪಂದ್ಯದಲ್ಲಿ ಹೊರಬಿದ್ದವಳು ಒಂಟಿಯಾಗಿ ನಡೆಯುತ್ತಿದ್ದಾಗ, ಎದುರಾಳಿಗಳಲ್ಲಿ ಯಾರೋ ಒಬ್ಬರು ಬೆಂಚಿನಲ್ಲಿ ಸರಿದು ಜಾಗ ಮಾಡಿಕೊಟ್ಟರಂತೆ. ಅವರು ಯಾರೆಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ಅದು ನೀವೇ ಇರಬಹುದು. ದಯವಿಟ್ಟು ಸರಿದು ಕೂರಿ. ನೀವು ಸರಿಯದಿದ್ದರೆ ನಮ್ಮ ದೇವೀರಿ ಮುಂದಿನ ವರ್ಷ ಆಡುವುದಿಲ್ಲ.

ನಿಮ್ಮ ಮರಿಮಕ್ಕಳ ಮರಿಮಗಳು,
ನಿಂಗಾಜಿ