ಮೂವತ್ತೊಂದು ಹೆಸರುಗಳ ಪಟ್ಟಿ

ಕ್ರಿ.ಶ. 2174
ಕಡಲಗೋಡೆ ಎದ್ದ ಎಂಬತ್ತೊಂದನೆಯ ವರ್ಷ, ಎರಡನೇ ಮಳೆಗಾಲದ ಮೂವತ್ತನೆಯ ದಿನ
ದೇರಳಕಟ್ಟೆ ದಂಡೆ, ಮಂಗಳೂರು

ಮಾನ್ಯರೇ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನೌಕರರ ಆರೋಗ್ಯಕ್ಕಾಗಿ ಖರ್ಚು ಮಾಡಿದರೆ ಸಂಸ್ಥೆಗೆ ಹೇಗೆ ಲಾಭ ಎಂದು ವಿವರಿಸುವ ಇಪ್ಪತ್ತೆರಡು ಪುಟಗಳ ಒಂದು ವರದಿಯನ್ನು ನೀವು ಸುಮಾರು ನೂರೈವತ್ತು ವರ್ಷಗಳ ಹಿಂದೆ ಬರೆದಿರಿ. ಅದು ನಮ್ಮ ಹಳೆಯ ಕಾಗದದ ಕೋಣೆಯಲ್ಲಿ ನನ್ನ ಕೈಗೆ ಸಿಕ್ಕಿತು. ಅದರಿಂದ ಇಲ್ಲಿ ಏನೇನಾಯಿತು ಎಂದು ಬರೆದವರಿಗೆ ತಿಳಿಸಬೇಕೆಂಬ ಆಸೆ ಮೂವತ್ತು ವರ್ಷಗಳಿಂದ ನನ್ನೊಳಗೆ ಉಳಿದಿದೆ. ಈ ಪತ್ರ ನಿಮ್ಮನ್ನು ತಲುಪುವ ದಾರಿ ಯಾವುದೆಂದು ನಾನರಿಯೆ. ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಿ. ನಿಮಗೆ ಬೇಕಾಗಿರದ ಕೆಲವು ಪದಗಳನ್ನು ನಾವು ಹುಟ್ಟಿಸಿಕೊಳ್ಳಬೇಕಾಯಿತು.

ನನ್ನ ಹೆಸರು ವಾರಿಜಾ ಪುತ್ರನ್. ವಯಸ್ಸು ಎಪ್ಪತ್ತೊಂದು. ನಿಮ್ಮ ಕಾಲದ ಉಳ್ಳಾಲದ ಮರಳದಂಡೆ ಈಗ ನೀರಿನಡಿ ಇದೆ. ದೇರಳಕಟ್ಟೆಯ ಗುಡ್ಡದ ಬುಡಕ್ಕೆ ಅಲೆ ಬಡಿಯುತ್ತದೆ. ಅಲ್ಲಿಂದ ಉತ್ತರಕ್ಕೆ ನಲವತ್ತು ಕಿಲೋಮೀಟರ್ ಉದ್ದಕ್ಕೆ ಕಡಲಗೋಡೆ ಇದೆ. ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಬಿಸಿಹೊತ್ತು. ಆಗ ಸೈರನ್ ಕೂಗುತ್ತದೆ, ಅಂಗಡಿಗಳು ಮುಚ್ಚುತ್ತವೆ, ಯಾರೂ ಬೀದಿಗೆ ಬರುವುದಿಲ್ಲ. ಹಾಗಾಗಿ ನಾವು ನಸುಕಿನಲ್ಲೇ ಎದ್ದು ಗಂಜಿ ಉಂಡು ಕೆಲಸಕ್ಕೆ ಹೊರಡುತ್ತೇವೆ. ಗಂಜಿ ಈಗಲೂ ಇದೆ ಎಂದು ಕೇಳಿದರೆ ನಿಮಗೆ ಸಮಾಧಾನವಾದೀತು. ಅಕ್ಕಿ ಸಾಲದ ತಿಂಗಳುಗಳಲ್ಲಿ ಕಡಲಸೊಪ್ಪಿನ ಹಿಟ್ಟಿನ ರೊಟ್ಟಿ ತಿನ್ನುತ್ತೇವೆ. ಉಪ್ಪು ಹಾಕುವ ಅಗತ್ಯವೇ ಇಲ್ಲ.

ಗೋಡೆಯನ್ನು ಕಾಯುವುದು ದಂಡೆ ಮಂಡಳಿ. ಕಡಲು ಪ್ರತಿದಿನವೂ ಗೋಡೆಯ ಬುಡವನ್ನು ತಿನ್ನುತ್ತದೆ. ಆ ಬಿರುಕುಗಳಿಗೆ ಕಲ್ಲಂಟು ತುಂಬಲು ಮುಳುಗುಗಾರರು ಮೂವತ್ತು ಮೀಟರ್ ಆಳಕ್ಕೆ ಇಳಿಯಬೇಕು. ಕಲ್ಲಂಟು ಎಂದರೆ ನೀರಿನೊಳಗೇ ಗಟ್ಟಿಯಾಗುವ ಗಾರೆ. ನಾನು ಕೆಲಸಕ್ಕೆ ಸೇರಿದಾಗ ನಾನೂರು ಮಂದಿ ಮುಳುಗುಗಾರರಿದ್ದರು. ನಲವತ್ತು ದಾಟುವಷ್ಟರಲ್ಲಿ ಅವರ ಕಿವಿ ಮಂದವಾಗುತ್ತಿತ್ತು, ಮೊಣಕಾಲು ಮಡಚಲು ಬರುತ್ತಿರಲಿಲ್ಲ. ಯಾರು ಎಷ್ಟು ದಿನ ಕೆಲಸಕ್ಕೆ ಬರಲಿಲ್ಲ ಎಂದು ಬರೆದಿಡುವುದು ನನ್ನ ಕೆಲಸವಾಗಿತ್ತು.

ಒಂದು ದಿನ ಗ್ರೇಶಿಯನ್ ಪಿಂಟೊ ಎಂಬ ಮುಳುಗುಗಾರರು ಮೂರು ದಿನಗಳ ಗೈರುಹಾಜರಿಗೆ ಕಾರಣ ಬರೆದುಕೊಡಲು ನನ್ನ ಮೇಜಿನ ಬಳಿ ಬಂದರು. ನಲವತ್ತೊಂದು ವರ್ಷದ, ಅಗಲ ಭುಜದ ಮನುಷ್ಯ. ಪೆನ್ನು ಹಿಡಿದರೆ ಅದು ಕಾಗದದ ಮೇಲೆ ನಿಲ್ಲುತ್ತಿರಲಿಲ್ಲ. ನಮ್ಮಲ್ಲಿ ಕ್ರೈಸ್ತ ಹಿರಿಯರನ್ನು ಗೌರವದಿಂದ ಪೊರ್ಬುಗಳು ಎನ್ನುವ ರೂಢಿ.

"ಪೊರ್ಬುಗಳೇ, ಕೈಗೆ ಎಂತ ಆಗಿದೆ?" ಎಂದೆ.

"ಎಂತ ಇಲ್ಲ ವಾರಿಜಕ್ಕ. ನೀರಿಂದ ಬಂದ ಮೇಲೆ ಸ್ವಲ್ಪ ಹೀಗೆ ನಡುಗ್ತದೆ. ಮತ್ತೆ ಸರಿಯಾಗ್ತದೆ."

"ಡಾಕ್ಟ್ರಿಗೆ ತೋರಿಸಿದ್ರಾ?"

"ತೋರಿಸಿದ್ರೆ ರಜೆ ಬರೀತಾರೆ. ರಜೆ ಬರೆದ್ರೆ ಪಾಳಿ ಬೇರೆಯವರಿಗೆ ಹೋಗ್ತದೆ. ನಂಗೆ ಈ ಕೆಲಸ ಬಿಟ್ರೆ ಬೇರೆ ಎಂತ ಗೊತ್ತುಂಟು?"

ಆ ಕಾರಣವನ್ನು ಅವರ ಪರವಾಗಿ ನಾನೇ ಬರೆದೆ. ಮರುದಿನ ಮುಖ್ಯಾಧಿಕಾರಿ ನಿರಂಜನ ಅಡ್ಯಂತಾಯರ ಕೋಣೆಗೆ ಹೋಗಿ, ಮುಳುಗುಗಾರರಿಗೆ ವಿಶ್ರಾಂತಿ ಬೇಕು, ಕಿವಿಯ ವೈದ್ಯರು ಬೇಕು ಎಂದು ಕೇಳಿದೆ. ಅವರು ಕೆಟ್ಟವರಾಗಿರಲಿಲ್ಲ. ನನ್ನನ್ನು ಕೂರಿಸಿ ಪೂರ್ತಿ ಕೇಳಿಸಿಕೊಂಡರು.

"ನಂಗೂ ಕರುಣೆ ಉಂಟು ವಾರಿಜಾ ಅವರೇ. ಆದ್ರೆ ಸಭೆಯಲ್ಲಿ ಕರುಣೆ ಅಂತ ಹೇಳಿದ್ರೆ ಯಾರೂ ಕೈ ಎತ್ತುವುದಿಲ್ಲ. ಇದರಿಂದ ಮಂಡಳಿಗೆ ಎಂತ ಸಿಗ್ತದೆ ಅಂತ ತೋರಿಸಿ. ನಾನೇ ಮುಂದೆ ನಿಂತು ಪಾಸು ಮಾಡಿಸ್ತೇನೆ" ಎಂದರು.

ನಿಮ್ಮ ವರದಿ ನನಗೆ ಸಿಕ್ಕಿದ್ದು ಆಗ. ದಣಿದ ನೌಕರ ಕೆಲಸಕ್ಕೆ ಬಂದರೂ ಅರ್ಧ ಮಾತ್ರ ಬಂದಿರುತ್ತಾನೆ ಎಂದು ನೀವು ಬರೆದಿದ್ದಿರಿ. ಅದನ್ನು ಓದಿ ನಾನು ಎದ್ದು ನಿಂತೆ. ಮುಂದಿನ ಎಂಟು ತಿಂಗಳು ನೀವು ತೋರಿಸಿದ ದಾರಿಯಲ್ಲೇ ನಡೆದೆ. ಯಾವ ಬಿರುಕನ್ನು ಯಾರು ಯಾವಾಗ ತುಂಬಿದರು, ಅದು ಮತ್ತೆ ಯಾವಾಗ ಬಾಯಿಬಿಟ್ಟಿತು ಎಂದು ಹನ್ನೆರಡು ವರ್ಷಗಳ ಕಡತಗಳನ್ನು ಜೋಡಿಸಿ ನೋಡಿದೆ. ದಣಿದ ಕೈ ತುಂಬಿದ್ದು ವರ್ಷದೊಳಗೆ ಸಡಿಲವಾಗುತ್ತಿತ್ತು. ವಿಶ್ರಾಂತಿ ಪಡೆದು ಬಂದವರು ತುಂಬಿದ್ದು ನಾಲ್ಕು ವರ್ಷ ಬಾಳುತ್ತಿತ್ತು. ಸಭೆಯಲ್ಲಿ ಎಲ್ಲರೂ ಕೈ ಎತ್ತಿದರು.

ಹಾಗೆ ಉಸಿರುಮನೆ ಬಂತು. ಆಳದಿಂದ ಮೇಲೆ ಬಂದವರ ರಕ್ತದಲ್ಲಿ ಗಾಳಿಯ ಗುಳ್ಳೆ ಏಳದಂತೆ, ಅವರನ್ನು ಒತ್ತಿದ ಗಾಳಿಯಲ್ಲಿ ಕೂರಿಸಿ ಒತ್ತಡವನ್ನು ಮೆಲ್ಲಗೆ ಇಳಿಸುವ ಕೋಣೆ ಅದು. ಒಳಗೆ ಆರು ಆಸನ. ಅದಕ್ಕೂ ಮುಂಚೆ ಮುಳುಗುಗಾರರು ಹಿಂತಿರುಗುವಾಗ ನೀರಿನ ನಡುವೆ ಹಗ್ಗ ಹಿಡಿದು ಗಂಟೆಗಟ್ಟಲೆ ನೇತಾಡಬೇಕಿತ್ತು. ಪ್ರತಿಯೊಬ್ಬರ ಮಣಿಕಟ್ಟಿಗೂ ಮೈಬಳೆ ಬಂತು. ಅದು ನಾಡಿ, ನಿದ್ದೆ, ರಕ್ತದ ಬಿಸಿ ಎಲ್ಲವನ್ನೂ ಓದುತ್ತಿತ್ತು. ಕಿವಿಯ ವೈದ್ಯರು ಬಂದರು. ಆಳಕ್ಕೆ ಇಳಿದವರಿಗೆ ಎರಡು ದಿನ ಬಿಡುವು ಸಿಕ್ಕಿತು, ಪಾಳಿ ಕೈತಪ್ಪುವ ಭಯವಿಲ್ಲದೆ. ಗ್ರೇಶಿಯನ್ನರ ಕೈನಡುಕ ನಿಂತಿತು. ಇಗರ್ಜಿಯ ಗಾಯಕರ ಸಾಲಿಗೆ ಅವರು ಮತ್ತೆ ಸೇರಿದರು. ಕ್ರಿಸ್ಮಸ್ಸಿಗೆ ನನ್ನನ್ನು ಕರೆದು, ಹಾಡಿನ ಪುಸ್ತಕವನ್ನು ಒಂದೇ ಕೈಯಲ್ಲಿ ಎತ್ತಿ ಹಿಡಿದು ನನ್ನತ್ತ ನೋಡಿ ನಕ್ಕರು. ಆ ನಾಲ್ಕು ವರ್ಷ ನಾನು ತಲೆಯೆತ್ತಿ ನಡೆದೆ.

ಐದನೆಯ ವರ್ಷ ಮುಳುಗುಗಾರರ ಸಂಖ್ಯೆ ಹೆಚ್ಚಿತು, ಆಸನ ಆರೇ ಉಳಿಯಿತು. ಹೊರಗೆ ಸರದಿ ಬೆಳೆಯತೊಡಗಿತು. ಅಡ್ಯಂತಾಯರು ನನ್ನನ್ನು ಕರೆದು, "ಇದೇ ಲೆಕ್ಕವನ್ನು ಈಗ ಒಬ್ಬೊಬ್ಬರ ಹೆಸರಿಗೆ ಮಾಡಿಕೊಡಿ. ಮೈಬಳೆಯ ಮಾಹಿತಿ ಎಲ್ಲ ಉಂಟಲ್ಲ. ಆಸನ ಯಾರಿಗೆ ಕೊಟ್ರೆ ಹೆಚ್ಚು ಉಪಯೋಗ ಅಂತ ಗೊತ್ತಾಗ್ಲಿ" ಎಂದರು.

ವಯಸ್ಸಾದವರಿಗೆ ಹೆಚ್ಚು ಆರೈಕೆ ಬೇಕು ಎಂದು ಅದರಿಂದ ಗೊತ್ತಾಗುತ್ತದೆ ಎಂದೇ ನಾನು ಒಪ್ಪಿಕೊಂಡೆ. ಹೀಗೆಂದು ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ನಿಮ್ಮೊಡನೆ ಸುಳ್ಳು ಹೇಳಿ ಏನು ಪ್ರಯೋಜನ? ನನಗೆ ಆ ಕೆಲಸ ಇಷ್ಟವಾಗಿತ್ತು. ಅಂಕಿಗಳು ಚೆಂದವಾಗಿ ಕೂಡಿಬರುತ್ತಿದ್ದವು. ಹೆಸರುಗಳನ್ನು ಸಾಲಾಗಿ ಇಳಿಸುತ್ತಾ ಹೋದಂತೆ ಅವು ಯಾರ ಹೆಸರುಗಳು ಎಂಬುದೇ ನನಗೆ ಮರೆತುಹೋಗಿತ್ತು. ಆರೈಕೆಗೆ ತಕ್ಕ ಪ್ರತಿಫಲ ಬಾರದ ಮೂವತ್ತೊಂದು ಮಂದಿ ಕೊನೆಯಲ್ಲಿ ಉಳಿದರು. ಎಲ್ಲರೂ ನಲವತ್ತೈದು ದಾಟಿದವರು. ಗ್ರೇಶಿಯನ್ ಪಿಂಟೊ ಅವರಲ್ಲಿ ಒಬ್ಬರು.

ಮುಂದಿನ ತಿಂಗಳು ಆ ಮೂವತ್ತೊಂದು ಮಂದಿಗೆ ಉಸಿರುಮನೆ ನಿಂತಿತು. ಕೆಲಸ ನಿಲ್ಲಲಿಲ್ಲ. ಅವರು ಹಿಂದಿನಂತೆ ಹಗ್ಗ ಹಿಡಿದು ನೇತಾಡಬೇಕು. ತುರ್ತು ಬಂದರೆ ಮುಖ್ಯ ಕಚೇರಿಯ ಅನುಮತಿ ಪಡೆದು ಒಳಗೆ ಹೋಗಬಹುದು ಎಂದು ಆದೇಶವಾಯಿತು. ನಾನು ಅಡ್ಯಂತಾಯರ ಬಳಿ ಹೋದೆ. ಅವರು ನನ್ನದೇ ಹಾಳೆಗಳನ್ನು ನನ್ನ ಮುಂದಿಟ್ಟರು. ಅವುಗಳಲ್ಲಿ ಒಂದು ತಪ್ಪನ್ನೂ ತೋರಿಸಲು ನನ್ನಿಂದ ಆಗಲಿಲ್ಲ. ಎದ್ದು ಬಂದೆ.

ಮೊದಲ ಮಳೆಗಾಲ ಮುಗಿದ ವಾರ, ಬೆಳಗ್ಗೆ ಎಂಟೂವರೆಗೆ, ಉಸಿರುಮನೆಯನ್ನು ನೋಡಿಕೊಳ್ಳುತ್ತಿದ್ದ ಮಿಸ್ರಿಯಾ ನನಗೆ ಕರೆ ಮಾಡಿದಳು.

"ವಾರಿಜಕ್ಕ, ಬೇಗ ಬನ್ನಿ. ಗ್ರೇಶಿಯನಣ್ಣನನ್ನು ತಂದಿದ್ದಾರೆ. ಯಂತ್ರ ಶುರುವಾಗ್ತಿಲ್ಲ. ಇವರ ಬಳೆಯನ್ನು ಅದು ತೆಗೊಳ್ಳುವುದಿಲ್ಲ."

ಅವರು ಹಗ್ಗ ಹಿಡಿದು ನೀರಿನಲ್ಲಿ ನೇತಾಡುತ್ತಿದ್ದಾಗ ದೊಡ್ಡ ಅಲೆಯೊಂದು ಹೊಡೆದು, ಸಮಯಕ್ಕೆ ಮುಂಚೆಯೇ ಅವರನ್ನು ಮೇಲಕ್ಕೆ ಎಸೆದಿತ್ತು. ನಾನು ಓಡಿಹೋದಾಗ ಅವರನ್ನು ಆಸನದ ಮೇಲೆ ಒರಗಿಸಿದ್ದರು. ಆಸನ ಮೈಬಳೆಯನ್ನು ಓದಿ ಒಪ್ಪಿದ ಮೇಲಷ್ಟೇ ಗಾಳಿ ಒತ್ತತೊಡಗುವಂತೆ ಯಂತ್ರವನ್ನು ಮಾಡಿದ್ದರು. ಮಿಸ್ರಿಯಾ ಮುಖ್ಯ ಕಚೇರಿಗೆ ಮತ್ತೆ ಮತ್ತೆ ಕರೆ ಮಾಡುತ್ತಿದ್ದಳು. ಸಾಹೇಬರು ಸಭೆಯಲ್ಲಿದ್ದಾರೆ, ಅವರ ಸಹಿ ಇಲ್ಲದೆ ಆಗುವುದಿಲ್ಲ ಎಂಬ ಉತ್ತರ ಬರುತ್ತಿತ್ತು.

ಗ್ರೇಶಿಯನ್ ಕಣ್ಣು ತೆರೆದು ನನ್ನನ್ನು ಗುರುತಿಸಿದರು. "ವಾರಿಜಕ್ಕ, ಕಾಲು ಉಂಟಾ ನೋಡಿ. ನಂಗೆ ಗೊತ್ತಾಗ್ತಿಲ್ಲ" ಎಂದರು.

ನಾನು ಅವರ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ತಣ್ಣಗಿತ್ತು. "ಉಂಟು ಪೊರ್ಬುಗಳೇ, ನಾನು ಹಿಡ್ಕೊಂಡಿದ್ದೇನೆ" ಎಂದೆ.

"ಹೌದಾ?" ಎಂದರು, ನಂಬದವರ ಹಾಗೆ.

ಅನುಮತಿ ಬರಲು ಐವತ್ತೆರಡು ನಿಮಿಷ ಹಿಡಿಯಿತು. ಅವರ ಜೀವ ಉಳಿಯಿತು. ಸೊಂಟದ ಕೆಳಗೆ ಮತ್ತೆಂದೂ ಸ್ಪರ್ಶ ತಿಳಿಯಲಿಲ್ಲ.

ಮುಳುಗುಗಾರರ ದೂರಿನ ಮೇಲೆ ಮಂಡಳಿಯ ಮುಂದೆ ವಿಚಾರಣೆ ನಿಗದಿಯಾಯಿತು. ನಾನು ಹಗಲೆಲ್ಲ ಕುಳಿತು ಇನ್ನೊಂದು ಲೆಕ್ಕ ಸಿದ್ಧಪಡಿಸಿದೆ. ಆ ಮೂವತ್ತೊಂದು ಅನುಭವಿಗಳ ಕೈ ದಣಿದದ್ದರಿಂದ ಬಾಯಿಬಿಟ್ಟ ಬಿರುಕುಗಳು, ಒಬ್ಬ ನುರಿತ ಮುಳುಗುಗಾರ ಕೆಲಸಕ್ಕೆ ಇಲ್ಲವಾದದ್ದು ಎಲ್ಲವನ್ನೂ ಕೂಡಿಸಿದರೆ, ಅವರನ್ನು ಹೊರಗಿಟ್ಟದ್ದೇ ಮಂಡಳಿಗೆ ದೊಡ್ಡ ನಷ್ಟ ಎಂದು ಬಂತು. ಅದನ್ನು ಒಪ್ಪಿಸಿದ್ದರೆ ನಾವು ಗೆಲ್ಲುತ್ತಿದ್ದೆವು, ನನಗೆ ಸಂಶಯವಿರಲಿಲ್ಲ. ಆ ಹಾಳೆಗಳನ್ನು ಹಿಡಿದುಕೊಂಡು ಬಜಪೆಯ ಗುಡ್ಡದ ಮೇಲಿನ ಅವರ ಮನೆಗೆ ಹೋದೆ.

ಅವರ ಹೆಂಡತಿ ಐರಿನ್ ಬಾಗಿಲಲ್ಲೇ ನಿಂತರು. "ಪಟ್ಟಿ ಮಾಡಿದ್ದು ನೀವು ಅಂತ ನಮಗೆ ಗೊತ್ತುಂಟು. ಇನ್ನು ಎಂತ ಬರೀಲಿಕ್ಕೆ ಬಂದದ್ದು?"

"ಬರ್ಲಿ ಬಿಡು ಐರಿನ್" ಎಂದು ಒಳಗಿನಿಂದ ಅವರ ಧ್ವನಿ ಕೇಳಿಸಿತು.

ನಾನು ಹಾಳೆಗಳನ್ನು ಅವರ ಕೈಗೆ ಕೊಟ್ಟೆ. ಒಂದೊಂದೇ ಪುಟ ತಿರುವಿ ನೋಡಿದರು.

"ಈ ಸಲ ನನ್ನನ್ನು ಹೊರಗಿಟ್ಟದ್ದು ನಷ್ಟ ಅಂತ ಬಂತು, ಅಲ್ವಾ? ಮುಂದಿನ ಸಲ ಲಾಭ ಅಂತ ಬಂದ್ರೆ ಆಗ ಎಂತ ಹೇಳ್ತೀರಿ ವಾರಿಜಕ್ಕ?"

ನಾನು ಹಾಳೆಗಳನ್ನು ಹಿಂದಕ್ಕೆ ತೆಗೆದುಕೊಂಡು ಮಡಚಿದೆ. ಐರಿನ್ ನನಗೊಂದು ಬಟ್ಟಲು ಗಂಜಿ ತಂದಿಟ್ಟರು. ಅವರ ಮುಖದಲ್ಲಿ ಕ್ಷಮೆ ಇರಲಿಲ್ಲ, ಆದರೆ ಬಿಸಿಹೊತ್ತು ಹತ್ತಿರವಾಗಿತ್ತು. ಹಸಿದವರನ್ನು ಆ ಬಿಸಿಲಿಗೆ ಕಳಿಸುವ ಮನೆ ಅದಲ್ಲ. ನಾನು ತಲೆ ತಗ್ಗಿಸಿ ಉಂಡೆ.

ವಿಚಾರಣೆಯಲ್ಲಿ ನಾನು ಮೂವತ್ತೊಂದು ಹೆಸರುಗಳನ್ನು ಗಟ್ಟಿಯಾಗಿ ಓದಿದೆ. ಈ ಪಟ್ಟಿ ಮಾಡಿದ್ದು ನಾನು, ಮಾಡಬಾರದಿತ್ತು ಎಂದೆ. ಇವರನ್ನು ಹೊರಗಿಟ್ಟದ್ದರಿಂದ ಮಂಡಳಿಗೆ ನಷ್ಟವಾಯಿತೇ ಎಂದು ಅಧ್ಯಕ್ಷರು ಕೇಳಿದರು. "ಅದನ್ನು ಹೇಳುವುದಿಲ್ಲ. ನಷ್ಟವಾಗದಿದ್ದರೂ ಇದು ತಪ್ಪೇ" ಎಂದೆ. ನಾವು ಸೋತೆವು. ಆದೇಶದಂತೆಯೇ ಎಲ್ಲವೂ ನಡೆದಿದೆ ಎಂದು ತೀರ್ಪು ಬಂತು. ನನ್ನನ್ನು ಉಗ್ರಾಣಕ್ಕೆ ಹಾಕಿದರು. ನಿವೃತ್ತಿಯವರೆಗೆ ಕಲ್ಲಂಟಿನ ಡಬ್ಬಿಗಳ ನಡುವೆ ಕುಳಿತೆ.

ಆದರೆ ತೀರ್ಪಿನ ಮರುದಿನ ಯಾರೂ ನೀರಿಗೆ ಇಳಿಯಲಿಲ್ಲ. ಆಸನ ಸಿಗುತ್ತಿದ್ದವರೂ ಇಳಿಯಲಿಲ್ಲ. ಹನ್ನೊಂದು ದಿನ, ಬಿಸಿಹೊತ್ತು ಬಿಟ್ಟು, ನಾನೂರಕ್ಕೂ ಹೆಚ್ಚು ಮಂದಿ ಗೋಡೆಯ ಮೇಲೆ ಸಾಲಾಗಿ ಕುಳಿತರು. ತಗ್ಗಿನ ಬೀದಿಗಳಿಗೆ ನೀರು ಬಂತು. ಮೊದಮೊದಲು ಜನ ಅವರನ್ನು ಬೈದರು, ಒಬ್ಬಿಬ್ಬರು ಕಲ್ಲನ್ನೂ ಎಸೆದರು. ಆರನೆಯ ದಿನ ಗ್ರೇಶಿಯನ್ನರನ್ನು ಕುರ್ಚಿಯಲ್ಲಿ ಹೊತ್ತು ತಂದು ಅವರ ನಡುವೆ ಕೂರಿಸಿದರು. ಅವರು ಭಾಷಣ ಮಾಡಲಿಲ್ಲ. ಜನ ಬಂದು ನೋಡಿದರು. ಏಳನೆಯ ದಿನ ನೀರು ನುಗ್ಗಿದ ಮನೆಗಳಿಂದಲೇ ಗಂಜಿಯ ಪಾತ್ರೆ ಬಂತು. ಹನ್ನೊಂದನೆಯ ದಿನ ಮಂಡಳಿ ಒಂದೇ ಸಾಲಿನ ನಿಯಮ ಬರೆಯಿತು: ನೀರಿಗೆ ಇಳಿದವರೆಲ್ಲರಿಗೂ ಉಸಿರುಮನೆ. ಯಂತ್ರ ಮೈಬಳೆ ಕೇಳುವುದನ್ನು ಅಂದೇ ನಿಲ್ಲಿಸಿದರು. ಇದಕ್ಕೆ ಬೆಲೆಯೂ ತೆತ್ತೆವು. ಕಿವಿಯ ವೈದ್ಯರು ಈಗ ತಿಂಗಳಿಗೆ ಎರಡೇ ಸಲ ಬರುತ್ತಾರೆ, ಹಬ್ಬದ ಬೋನಸ್ ಮೂರು ವರ್ಷ ನಿಂತಿತ್ತು, ಸರದಿ ಈಗಲೂ ಉದ್ದವಿದೆ. ಗ್ರೇಶಿಯನ್ ಇನ್ನೂ ಒಂಬತ್ತು ವರ್ಷ ಬದುಕಿದ್ದರು. ನಾನು ಪ್ರತಿ ಭಾನುವಾರ ಹೋಗುತ್ತಿದ್ದೆ. ಆ ಪಟ್ಟಿಯ ಮಾತನ್ನು ಅವರು ಒಮ್ಮೆಯೂ ಎತ್ತಲಿಲ್ಲ. ಅವರ ಸಾವಿನ ನಂತರವಷ್ಟೇ ಐರಿನ್ ನನ್ನ ಕೈ ಹಿಡಿದರು.

ವರದಿ ಬರೆಯಬೇಡಿ ಎಂದು ನಾನು ನಿಮ್ಮನ್ನು ಕೇಳುವುದಿಲ್ಲ. ನೀವು ಬರೆಯದಿದ್ದರೆ ನಮಗೆ ಉಸಿರುಮನೆಯೇ ಬರುತ್ತಿರಲಿಲ್ಲ. ಕರುಣೆಗೆ ಏಳದ ಕೈಗಳು ನಿಮ್ಮ ಅಂಕಿಗಳಿಗೆ ಎದ್ದವು, ಅದಕ್ಕೆ ನಾನು ಋಣಿ. ಆದರೆ ನಿಮ್ಮ ವರದಿ ಗೆದ್ದ ಮೇಲೆ ಒಂದು ದಿನ ಯಾರೋ ನಿಮ್ಮ ಮೇಜಿನ ಬಳಿ ಬರುತ್ತಾರೆ. ಒಳ್ಳೆಯವರೇ ಆಗಿರುತ್ತಾರೆ, ಮೆಲುದನಿಯಲ್ಲೇ ಕೇಳುತ್ತಾರೆ. ಇದನ್ನೇ ಒಬ್ಬೊಬ್ಬರ ಹೆಸರಿಗೆ ಮಾಡಿಕೊಡಿ ಎನ್ನುತ್ತಾರೆ. ಆಗ ಆಗುವುದಿಲ್ಲ ಎನ್ನಿ. ಕಾರಣ ಕೇಳಿದರೆ ಕೊಡಬೇಡಿ. ಕಾರಣ ಕೊಟ್ಟರೆ ಅದನ್ನೂ ತೂಗಿ ನೋಡುತ್ತಾರೆ. ಕೆಲಸ ಹೋದರೆ ಹೋಗಲಿ. ಉಗ್ರಾಣದಲ್ಲಿ ಕುಳಿತೂ ಬದುಕಬಹುದು, ನಾನು ಬದುಕಿದ್ದೇನೆ. ಒಬ್ಬ ಮನುಷ್ಯನ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅದು ಇದೆ ಎಂದು ಅವನಿಗೆ ಹೇಳಬೇಕಾದ ಗಳಿಗೆ ಮಾತ್ರ ನಿಮಗೆ ಬಾರದಿರಲಿ.

ನಿಮಗಿಂತ ಬಹಳ ತಡವಾಗಿ ಹುಟ್ಟಿದ,
ವಾರಿಜಾ ಪುತ್ರನ್